ನಾಲ್ಕು ಬೆರಳು ಮದ್ದು

ರೈಸ್ ಕುಕ್ಕರ್ ತಂದ ದಿನ ನಮ್ಮ ಮನೆಯಲ್ಲಿ ಅನ್ನವಾಗಲಿಲ್ಲ. ಅದರ ಜೊತೆ ಬಂದ ಸಣ್ಣ ಪುಸ್ತಕವನ್ನು ಅಮ್ಮ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಸ್ಪ್ಯಾನಿಷ್ ಭಾಗವೊಂದನ್ನು ಬಿಟ್ಟು, ಓದಿ ಮುಗಿಸುವವರೆಗೆ ಯಾರೂ ಪ್ಲಗ್ ಹಾಕುವಂತಿರಲಿಲ್ಲ. ಅಪ್ಪ ಮತ್ತು ನಾನು ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆವು. ಅಮ್ಮ ಮೈಸೂರಿನವಳು, ಆಸ್ಪತ್ರೆಯೊಂದರ ರೆಕಾರ್ಡ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು, ಅಚ್ಚಾದ ಯಾವ ಕಾಗದವೂ ಅವಳ ಕೈಗೆ ಸಿಕ್ಕರೆ ಓದಿಸಿಕೊಳ್ಳದೆ ಹೋಗುತ್ತಿರಲಿಲ್ಲ. ಅಪ್ಪ ಸುಳ್ಯದ ಕಡೆಯವನು, ಹೆದ್ದಾರಿ ಬದಿಯ ಸಸ್ಯಾಹಾರಿ ಹೋಟೆಲ್ಲಿನಲ್ಲಿ ಮುಖ್ಯ ಅಡುಗೆಯವನು. ದೋಸೆ ಹಿಟ್ಟಿನ ಹುಳಿಯನ್ನು ಒಂದು ಬೆರಳು ಅದ್ದಿ ಹೇಳುತ್ತಿದ್ದ, ಎಣ್ಣೆಯ ಕಾವನ್ನು ಬಾಣಲೆಯ ಮೇಲೆ ಅಂಗೈ ಹಿಡಿದು ಹೇಳುತ್ತಿದ್ದ. ಹುಲ್ಲು ಕತ್ತರಿಸುವ ಯಂತ್ರವಿರಲಿ, ನನ್ನ ಮಂಚವಿರಲಿ, ಪೆಟ್ಟಿಗೆ ಒಡೆದು ಕೈಯಾಡಿಸಿಯೇ ಜೋಡಿಸಿಬಿಡುತ್ತಿದ್ದ. ಮಂಚ ಜೋಡಿಸಿದ ಮೇಲೆ ಐದು ಸ್ಕ್ರೂ ಉಳಿದಿದ್ದವು. ಅಮ್ಮ ಅವನ್ನು ಪುಸ್ತಕದ ಚಿತ್ರಕ್ಕೆ ಹೋಲಿಸಿ ನೋಡಿ, ಎರಡು ದಿನ ನನ್ನನ್ನು ನೆಲದ ಮೇಲೆ ಮಲಗಿಸಿದಳು.

"ಪುಸ್ತಕ ಒಮ್ಮೆ ತೆಗೆದು ನೋಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ರೀ?"

"ಎಂತ ಪುಸ್ತಕ ಮಾರಾಯ್ತಿ. ಕೈಗೆ ಗೊತ್ತುಂಟು."

ಈ ಎರಡು ಮಾತು ನನ್ನ ಬಾಲ್ಯದಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಹಿಲ್ಸ್‌ಬರೋದ ಆ ಮನೆಗೆ ನಾವು ಬಂದದ್ದು ಫ್ಲೋರಲ್ ಪಾರ್ಕಿನ ಒಂದು ಬಾಡಿಗೆ ಬೇಸ್‌ಮೆಂಟಿನಿಂದ. ಆಗ ನನಗೆ ಎಂಟು ವರ್ಷ. ಮನೆ ಅರ್ಧರ್ಧ ಅಂತಸ್ತಿನದು. ಬಾಗಿಲಿನಿಂದ ಆರು ಮೆಟ್ಟಿಲು ಹತ್ತಿದರೆ ಅಡುಗೆಮನೆ, ಆರು ಮೆಟ್ಟಿಲು ಇಳಿದರೆ ಅಪ್ಪನ ರಾಜ್ಯ. ಕೆಳಗೆ ಸುತ್ತಿಗೆ, ಗರಗಸ, ಹಳೆಯ ಗ್ರೈಂಡರಿನ ಮೋಟಾರು, ತೆಂಗಿನಕಾಯಿ ತುರಿಯುವ ಮಣೆ. ಮೇಲೆ ಅಮ್ಮನ ಗೊಂಬೆಗಳ ಪೆಟ್ಟಿಗೆ, ಕನ್ನಡ ಪುಸ್ತಕಗಳು, ಗೋಡೆಗೆ ಕ್ಯಾಲೆಂಡರು. ಜಗಳಗಳೆಲ್ಲ ನಡುವಿನ ಮೆಟ್ಟಿಲ ಮೇಲೆ ಆಗುತ್ತಿದ್ದವು, ಒಬ್ಬರು ಮೇಲಿಂದ ಬಗ್ಗಿ, ಇನ್ನೊಬ್ಬರು ಕೆಳಗಿಂದ ತಲೆಯೆತ್ತಿ. ನಾನು ಬಾಗಿಲ ಬಳಿ ಶೂ ಹಾಕಿಕೊಳ್ಳುವ ಜಾಗದಲ್ಲಿ ಕೂತು ಎರಡೂ ಕಡೆ ನೋಡುತ್ತಿದ್ದೆ. ಇಬ್ಬರೂ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು, ನಾನು ಇಬ್ಬರಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ. ಅದೊಂದು ಹಟವೆಂದು ಯಾರಿಗೂ ಅನ್ನಿಸಿರಲಿಲ್ಲ. ನಮ್ಮ ಕಡೆಯ ಮಕ್ಕಳೆಲ್ಲ ಹಾಗೇ ಇದ್ದರು.

ಹಿತ್ತಿಲಲ್ಲಿ ಅಪ್ಪ ಅಲಸಂಡೆ, ಬಸಳೆ, ಹಾಗಲ ಬೆಳೆಸುತ್ತಿದ್ದ. ಜಿಂಕೆಗಳು ಬಂದು ಬುಡಸಮೇತ ಮೇಯುತ್ತಿದ್ದವು. ಪಕ್ಕದ ಮನೆಯ ವಾಲ್ಟ್ ಎಂಬ ಮುದುಕ ಬೇಲಿಯಾಚೆ ನಿಂತು ಅಪ್ಪನ ಬೈಗುಳವನ್ನು ಅರ್ಥವಾಗದೆಯೂ ಆಸ್ವಾದಿಸುತ್ತಿದ್ದ. ಅಪ್ಪ ಅವನನ್ನು ವಾಲ್ಟಣ್ಣ ಎನ್ನುತ್ತಿದ್ದ. ಅದು ತನ್ನ ಹೆಸರಿನ ಇಂಡಿಯನ್ ಉಚ್ಚಾರವೆಂದು ಅವನು ತಿಳಿದಿದ್ದ. ಒಂದು ದಿನ ಬೇಲಿಯ ಮಾತು ಕೋವಿಯ ಕಡೆಗೆ ಹೊರಳಿತು. ಊರಿನಲ್ಲಿ ಹಂದಿಗಳಿಂದ ಗದ್ದೆ ಕಾಯಲು ತಮ್ಮ ಮನೆಯಲ್ಲಿ ಕೇಪಿನ ಕೋವಿ ಇತ್ತೆಂದೂ, ನಳಿಕೆಯ ಬಾಯಿಂದಲೇ ಮದ್ದು ತುಂಬಿ, ಗುಂಡು ಗಿಡಿದು, ಹಿಂದೆ ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯುವ ಆ ಕೋವಿಯನ್ನು ತಾನು ಹದಿನಾರನೆಯ ವಯಸ್ಸಿಗೇ ತುಂಬುತ್ತಿದ್ದೆನೆಂದೂ ಅಪ್ಪ ತನ್ನ ಇಂಗ್ಲಿಷಿನಲ್ಲಿ, ಅರ್ಧ ಅಭಿನಯದಲ್ಲಿ ಹೇಳಿದ. ವಾಲ್ಟನ ಕಣ್ಣು ಅರಳಿತು. ಅವನ ಬಳಿ ಅಂಥದೇ ಒಂದು ಕೋವಿ ಇತ್ತು. ಎಂದೋ ಆಸೆಪಟ್ಟು ಕೊಂಡು, ಒಮ್ಮೆಯೂ ಬಳಸದೆ ಪೆಟ್ಟಿಗೆಯಲ್ಲೇ ಇಟ್ಟದ್ದು. ಅವನಿಗೆ ಗೊತ್ತಿದ್ದದ್ದು ತೋಟಾ ಹಾಕುವ ಬಂದೂಕು ಮಾತ್ರ. "ಯು ಶುಡ್ ಹ್ಯಾವ್ ಇಟ್" ಎಂದ.

ಅಪ್ಪ ಟೌನ್‌ಶಿಪ್ಪಿನ ಪೊಲೀಸರಲ್ಲಿ ಬೆರಳಚ್ಚು ಕೊಟ್ಟು, ತಿಂಗಳುಗಟ್ಟಲೆ ಕಾದು, ಕೋವಿ ಕೊಳ್ಳುವ ಕಾರ್ಡು ಪಡೆದ. ಫಾರಂ ತುಂಬಿದವಳು ಅಮ್ಮ, ಮುಖ ಊದಿಸಿಕೊಂಡೇ. ಜಿಂಕೆ ಹೊಡೆಯಬೇಕಾದರೆ ಬೇರೆ ಲೈಸೆನ್ಸು, ಅದಕ್ಕೊಂದು ಕೋರ್ಸು, ಲಿಖಿತ ಪರೀಕ್ಷೆ ಎಂದು ವಾಲ್ಟ್ ಹೇಳಿದಾಗ ಅಪ್ಪ ತಟ್ಟನೆ "ಬೇಡ, ಪಾಪ ಜಿಂಕೆ" ಎಂದುಬಿಟ್ಟ. ಜಿಂಕೆ ಮೇಯ್ದ ಬಸಳೆಯ ಬುಡದಲ್ಲಿ ಕೂತು ಕಣ್ಣೀರು ಹಾಕಿದವನಿಗೆ ಈ ಕರುಣೆ ಎಲ್ಲಿಂದ ಬಂತೆಂದು ನನಗೆ ಆಗ ಆಶ್ಚರ್ಯವಾಗಿತ್ತು. ವಾಲ್ಟ್ ಸದಸ್ಯನಾಗಿದ್ದ ಕ್ಲಬ್ಬಿನ ಮೈದಾನದಲ್ಲಿ ಗುರಿ ಹೊಡೆದರೆ ಸಾಕು ಎಂದು ತೀರ್ಮಾನವಾಯಿತು.

ಕೋವಿ ಮನೆಗೆ ಬಂದ ದಿನ ಅಪ್ಪ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಮಲಗಿಸಿದ. ಎಣ್ಣೆಯ ವಾಸನೆ, ಕಡುಕಂದು ಮರ, ಹಿತ್ತಾಳೆಯ ಪಟ್ಟಿ. ಪೆಟ್ಟಿಗೆಯ ತಳದಲ್ಲಿ ಒಂದು ಹಿತ್ತಾಳೆಯ ಅಳತೆ ಕೊಳವೆ, ಒಂದು ಪುಸ್ತಕ. ಅಮ್ಮ ಪುಸ್ತಕವನ್ನೆತ್ತಿ ಅಪ್ಪನ ಮುಂದೆ ಹಿಡಿದಳು.

"ಇದು ಕುಕ್ಕರ್ ಅಲ್ಲ. ಈ ಸಲ ನಾನು ಓದಿ ಹೇಳಲ್ಲ. ನೀವೇ ಪೂರ್ತಿ ಓದಿ, ಆಮೇಲೆ ಮುಟ್ಟಿ."

ಅಪ್ಪ ಪುಸ್ತಕವನ್ನು ತೆಗೆದುಕೊಂಡು ಒಂದೆರಡು ಹಾಳೆ ಮಗುಚಿ, ಚಿತ್ರ ನೋಡಿ, ಮೇಜಿನ ತುದಿಗೆ ಸರಿಸಿದ. ಆಮೇಲೆ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಪಾಠ ಶುರುಮಾಡಿದ. ಊರಿನಲ್ಲಿ ಗಜ ಎಂದು ಕರೆಯುವ ಉದ್ದ ಸರಳನ್ನು ಖಾಲಿ ನಳಿಕೆಯೊಳಗೆ ಇಳಿಸಿ, ಅದು ತಳ ಮುಟ್ಟಿದಾಗ ನಳಿಕೆಯ ಬಾಯಿಯ ಮಟ್ಟಕ್ಕೆ ಸರಳಿನ ಮೇಲೆ ಪೆನ್ಸಿಲ್ಲಿನಿಂದ ಗೀರು ಹಾಕಿದ. ಆ ಗೀರಿನ ಕೆಳಗೆ ತನ್ನ ನಾಲ್ಕು ಬೆರಳನ್ನು ಒತ್ತೊತ್ತಾಗಿಟ್ಟು ಇನ್ನೊಂದು ಗೀರು.

"ಮದ್ದು ಹಾಕಿದ ಮೇಲೆ ಗಜ ಇಷ್ಟು ಮೇಲೆ ನಿಲ್ಲಬೇಕು. ನಾಲ್ಕು ಬೆರಳು. ಎರಡು ಬೆರಳಾದ್ರೆ ಹಂದಿಗೆ ಕೆಮ್ಮಿದ ಹಾಗೆ ಕೇಳ್ತದೆ. ನಮ್ಮ ಮಾವನ ಲೆಕ್ಕ ಇದು, ತಪ್ಪಿದ್ದೇ ಇಲ್ಲ."

ಆ ಹೊತ್ತಿನಲ್ಲಿ ಅಪ್ಪನ ಮುಖ ನೋಡಬೇಕಿತ್ತು. ಹೋಟೆಲ್ಲಿನಲ್ಲಿ ಅವನಿಗಿಂತ ಚಿಕ್ಕವರು ಅವನಿಗೆ ಹೇಗೆ ಮಾತಾಡುತ್ತಿದ್ದರೆಂದು ನಾನು ಕಂಡಿದ್ದೆ. ಬ್ಯಾಂಕಿನಲ್ಲಿ, ಶಾಲೆಯ ಟೀಚರ ಮುಂದೆ ಅವನು ಅಮ್ಮನ ಹಿಂದೆ ಒಂದು ಹೆಜ್ಜೆ ದೂರ ನಿಲ್ಲುವುದನ್ನೂ ಕಂಡಿದ್ದೆ. ಈ ಕೋವಿಯ ಮುಂದೆ ಅವನು ಯಾರ ಹಿಂದೆಯೂ ನಿಂತಿರಲಿಲ್ಲ. ಈ ದೇಶದಲ್ಲಿ ಅಡುಗೆಯ ಹೊರತಾಗಿ ಅವನಿಗೆ ಪೂರಾ ಗೊತ್ತಿದ್ದ ವಸ್ತು ಕೊನೆಗೂ ಒಂದು ಸಿಕ್ಕಿತ್ತು. ನನಗೆ ಬಹಳ ಸಂತೋಷವಾಯಿತು.

ಅಷ್ಟರಲ್ಲಿ ನವರಾತ್ರಿ ಬಂತು. ಅಮ್ಮ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಿದಳು. ಸರಸ್ವತಿ ಪೂಜೆಯ ದಿನ ಗೊಂಬೆಗಳ ಪಕ್ಕದಲ್ಲಿ ಮಣೆ ಹಾಕಿ ಪುಸ್ತಕಗಳನ್ನು ಪೇರಿಸಿದಳು: ಅವಳ ಕನ್ನಡ ಪುಸ್ತಕಗಳು, ನನ್ನ ಗಣಿತದ ಪುಸ್ತಕ, ಪಂಚಾಂಗ, ಮತ್ತು ಎಲ್ಲದರ ಮೇಲೆ ಕೋವಿಯ ಪುಸ್ತಕ. ಅರಿಶಿನ, ಕುಂಕುಮ, ಹೂವು. ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ತೆಗೆಯಬಾರದು, ಓದಬಾರದು. ತೆಗೆದರೆ ವಿದ್ಯೆ ಹತ್ತುವುದಿಲ್ಲ. ಹೋಮ್‌ವರ್ಕ್ ಮಾಡದಿರಲು ಇದಕ್ಕಿಂತ ಭದ್ರವಾದ ಕಾರಣ ನನಗೆ ಆಮೇಲೆ ಎಂದೂ ದೊರೆಯಲಿಲ್ಲ.

ಅಮ್ಮನ ಲೆಕ್ಕಾಚಾರ ಸರಳವಾಗಿತ್ತು. ಓದದೆ ಕೋವಿ ಮುಟ್ಟಕೂಡದು, ವಿಜಯದಶಮಿಯವರೆಗೆ ಓದಕೂಡದು. ಅಲ್ಲಿಗೆ ಹಬ್ಬವಂತೂ ಸದ್ದಿಲ್ಲದೆ ಕಳೆಯುತ್ತದೆ, ಆಮೇಲೆ ಚಳಿ ಬರುತ್ತದೆ, ಗಂಡನ ಹುಚ್ಚೂ ಇಳಿಯುತ್ತದೆ. ಆದರೆ ಅದೇ ಶಾಸ್ತ್ರವನ್ನು ಅಪ್ಪ ಇನ್ನೊಂದು ತುದಿಯಿಂದ ಹಿಡಿದ. ಆಯುಧಪೂಜೆ ವಿಜಯದಶಮಿಗೆ ಮುಂಚೆ ಬರುತ್ತದೆ. ಆಯುಧಪೂಜೆಯ ದಿನ ಕೋವಿಗೆ ಪೂಜೆ ಮಾಡಿ ಒಂದು ಸದ್ದು ಮಾಡಿಸದಿದ್ದರೆ ಅದೆಂಥ ಪೂಜೆ? ಪುಸ್ತಕ ಓದೋಣವೆಂದರೆ ದೇವಿಯ ಮುಂದೆ ಕೂತಿದೆ, ತೆಗೆಯುವ ಹಾಗಿಲ್ಲ.

"ನಾನು ಓದ್ತಿದ್ದೆ. ನೀನೇ ಪೂಜೆಗೆ ಇಟ್ಟಿ ಅಲ್ವಾ? ಇನ್ನು ಎಂತ ಮಾಡುದು?"

ಅಮ್ಮ ಮೆಟ್ಟಿಲ ಮೇಲಿಂದ ಗೊಂಬೆಗಳ ಕಡೆ ತಿರುಗಿ ನೋಡಿದಳು. ತಾನೇ ಇಟ್ಟ ಪುಸ್ತಕವನ್ನು ತಾನೇ ತೆಗೆಯುವಷ್ಟು ಧೈರ್ಯ ಅವಳಿಗೂ ಇರಲಿಲ್ಲ. ಹೀಗೆ, ಎಚ್ಚರಿಕೆಯ ಮಾತುಗಳೆಲ್ಲ ತುಂಬಿದ್ದ ಆ ಒಂದು ಪುಸ್ತಕ, ಅದರ ಅಗತ್ಯವಿದ್ದ ಆ ಒಂದು ದಿನ, ನಮ್ಮ ಮನೆಯಲ್ಲಿ ಹೂವು ಮುಡಿದು ಕೂತಿತ್ತು.

ಆ ವರ್ಷ ಆಯುಧಪೂಜೆ ಸೋಮವಾರ ಬಂದಿತ್ತು. ಅಪ್ಪನಿಗೆ ವಾರದ ರಜೆ, ನನ್ನ ಶಾಲೆಗೂ ಅಂದು ರಜೆ. ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋದಳು, ಅಪ್ಪ ಡ್ರೈವ್‌ವೇಯಲ್ಲಿ ಕಾರು ತೊಳೆಯುತ್ತಿದ್ದ. ನಾನು ಗೊಂಬೆಗಳ ಮುಂದೆ ನಿಂತೆ. ಓದಬಾರದು ಎಂದದ್ದಕ್ಕೇ ಇರಬೇಕು, ಆ ಪುಸ್ತಕದ ಮೇಲೆ ಎರಡು ದಿನದಿಂದ ನನ್ನ ಕಣ್ಣಿತ್ತು. ಭಕ್ತಿಗಿಂತ ಕುತೂಹಲ ಹೆಚ್ಚಾಯಿತು. ಹೂವನ್ನು ಪಕ್ಕಕ್ಕಿಟ್ಟು ಪುಸ್ತಕವನ್ನೆತ್ತಿಕೊಂಡು ನನ್ನ ರೂಮಿನ ಬಾಗಿಲು ಹಾಕಿದೆ.

ಪುಟ ಪುಟಕ್ಕೂ ಎಚ್ಚರಿಕೆಗಳಿದ್ದವು. ಮದ್ದನ್ನು ಡಬ್ಬಿಯಿಂದ ನೇರವಾಗಿ ನಳಿಕೆಗೆ ಸುರಿಯಬೇಡಿ. ಅಳತೆ ಕೊಳವೆಯಲ್ಲಿ ಅಳೆಯದೆ ತುಂಬಬೇಡಿ. ಈ ಮಿತಿಯನ್ನು ಮೀರಬೇಡಿ, ಮೀರಿದರೆ ನಳಿಕೆ ಸಿಡಿದು ಹೊಡೆಯುವವನೂ ಸುತ್ತ ನಿಂತವರೂ ಸಾಯಬಹುದು. ಬೆರಳಿನ ಮಾತು ಎಲ್ಲೂ ಇರಲಿಲ್ಲ. ನಾನು ಅಡುಗೆಮನೆಯಿಂದ ಒಂದು ಬಟ್ಟಲು ರವೆ ತಂದೆ. ಅಂದಿನ ಪೂಜೆಗೆಂದು ಮೇಜಿನ ಮೇಲಿಟ್ಟಿದ್ದ ಗಜವನ್ನೂ ಹಿತ್ತಾಳೆಯ ಅಳತೆಯನ್ನೂ ಒಂದು ಗುಂಡನ್ನೂ ತಂದೆ. ಗುಂಡಿನ ಸುತ್ತಳತೆಗೆ ಸರಿಯಾಗಿ ಕಾಗದದ ಕೊಳವೆ ಸುತ್ತಿ, ಅಪ್ಪನ ಎರಡು ಗೀರುಗಳ ನಡುವಿನಷ್ಟು ರವೆ ತುಂಬಿದೆ. ಅದನ್ನು ಅಳತೆಗೆ ಸುರಿದಾಗ, ಪುಸ್ತಕ ಹೇಳಿದ ಕೊನೆಯ ಮಿತಿಯವರೆಗೆ ತುಂಬಿ, ಇನ್ನೂ ಅದರ ಅರ್ಧದಷ್ಟು ರವೆ ಮಿಕ್ಕಿತು. ಮತ್ತೊಮ್ಮೆ ಮಾಡಿದೆ. ಅಷ್ಟೇ ಮಿಕ್ಕಿತು.

ಓಡಿಹೋಗಿ ಅಮ್ಮನಿಗೆ ಹೇಳಬಹುದಿತ್ತು. ಹೇಳಿದರೆ ಪೂಜೆಯ ಪುಸ್ತಕ ಎಳೆದದ್ದು ಗೊತ್ತಾಗುತ್ತದೆ ಎಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು, ಹೇಳಿದ ತಕ್ಷಣ ಅಮ್ಮ ಗೆಲ್ಲುತ್ತಾಳೆ, ಅಪ್ಪ ಕೋವಿಯನ್ನು ಪೆಟ್ಟಿಗೆಗೆ ಹಾಕುತ್ತಾನೆ, ಮತ್ತೆ ಎಲ್ಲರ ಹಿಂದೆ ಒಂದು ಹೆಜ್ಜೆ ದೂರ ನಿಲ್ಲುತ್ತಾನೆ. ಗಜ, ಅಳತೆ, ಗುಂಡನ್ನು ಮೊದಲಿನಂತೆ ಮೇಜಿನ ಮೇಲಿಟ್ಟು, ಪುಸ್ತಕವನ್ನು ಜಾಕೆಟ್ಟಿನ ಒಳಜೇಬಿಗೆ ತುರುಕಿಕೊಂಡೆ. ಅದು ಇದ್ದ ಜಾಗದಲ್ಲಿ ನನ್ನ ಚಿತ್ರಕಲೆಯ ಪುಸ್ತಕವಿಟ್ಟು ಮೇಲೆ ಹೂವು ಇಟ್ಟೆ. ಹನ್ನೊಂದು ವರ್ಷದವಳ ಬುದ್ಧಿ ಅಷ್ಟು ದೂರ ಓಡಿತು, ಅದರಾಚೆ ಓಡಲಿಲ್ಲ.

ಪೂಜೆ ಚೆನ್ನಾಗಿಯೇ ಆಯಿತು. ಕಾರಿಗೆ, ಗ್ರೈಂಡರಿಗೆ, ಅಪ್ಪನ ಅಡುಗೆಚೂರಿಗಳಿಗೆ, ಕೋವಿಗೆ ಕುಂಕುಮ. ಕಾರಿನ ಚಕ್ರದಡಿ ನಿಂಬೆಹಣ್ಣು. ಅಮ್ಮ ಮಂಗಳಾರತಿಯ ತಟ್ಟೆಯನ್ನು ಕೋವಿಯ ಮುಂದೆ ಮಾತ್ರ ಸ್ವಲ್ಪ ಬೇಗ ತಿರುಗಿಸಿದಳು. ಹೊರಡುವಾಗ ಅಪ್ಪನ ಮುಖವನ್ನೂ ನೋಡದೆ ನನ್ನ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದು ಹೇಳಿದಳು:

"ದೂರ ನಿಂತ್ಕೋ. ತುಂಬಾ ದೂರ."

ಕ್ಲಬ್ಬೆಂದರೆ ಜೋಳದ ಹೊಲಗಳಾಚೆ ಉದ್ದನೆಯ ಹುಲ್ಲುಗಾವಲು, ಕೊನೆಗೆ ಮಣ್ಣಿನ ದಿಬ್ಬ, ಈ ತುದಿಯಲ್ಲಿ ಮೂರು ಮರದ ಬೆಂಚು. ವಾಲ್ಟ್ ನಮಗೆ ಕನ್ನಡಕ, ಕಿವಿಗೆ ಹಾಕುವ ದಪ್ಪ ಮುಚ್ಚಳ ಕೊಟ್ಟ. ಅಪ್ಪನ ಬೆನ್ನು ತಟ್ಟಿ "ಟುಡೇ ಯು ಆರ್ ದ ಟೀಚರ್" ಎಂದ. ತನ್ನ ಬಂದೂಕನ್ನು ತೆಗೆದುಕೊಂಡು ಮೂರನೆಯ ಬೆಂಚಿಗೆ ಹೋಗಿ ಅಲ್ಲಿಂದ ನೋಡುತ್ತಾ ನಿಂತ. ಅಪ್ಪ ಕೋವಿಯನ್ನು ಬೆಂಚಿಗೆ ಆನಿಸಿ, ಇಲ್ಲಿನ ಅಂಗಡಿಯಿಂದ ತಂದಿದ್ದ ಮದ್ದಿನ ಡಬ್ಬಿಯ ಮುಚ್ಚಳ ತಿರುಗಿಸಿ, ಡಬ್ಬಿಯ ಬಾಯನ್ನು ನೇರವಾಗಿ ನಳಿಕೆಯ ಬಾಯಿಗೆ ತಂದ. ಹಿತ್ತಾಳೆಯ ಅಳತೆ ಪೆಟ್ಟಿಗೆಯಲ್ಲೇ ಇತ್ತು.

ನಾನು ಅವನ ತೋಳು ಹಿಡಿದೆ. ಬಾಯಿಗೆ ಬಂದದ್ದು ಇಂಗ್ಲಿಷೇ. ಡ್ಯಾಡ್, ಸ್ಟಾಪ್ ಎಂದು ಕೂಗಿದರೆ ವಾಲ್ಟನಿಗೆ ಕೇಳುತ್ತಿತ್ತು, ಅರ್ಥವಾಗುತ್ತಿತ್ತು. ಟೀಚರಿಗೆ ಮಗಳು ಪಾಠ ಹೇಳಿಕೊಟ್ಟಂತಾಗುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಇಷ್ಟು ವರ್ಷ ಕಿವಿಯಲ್ಲಿ ಮಾತ್ರ ಇದ್ದ ಭಾಷೆಯಲ್ಲಿ ತಡಕಾಡಿದೆ.

"ಅಪ್ಪಾ, ಬೇಡ. ಅದು ಜಾಸ್ತಿ. ಈ ಮದ್ದು ಊರಿಂದಲ್ಲ, ತುಂಬಾ ಸ್ಟ್ರಾಂಗ್. ನಾನು ರವೆ ಹಾಕಿ ನೋಡಿದೆ. ನಾಲ್ಕು ಬೆರಳು ಹಾಕಿದ್ರೆ ಕೋವಿ ಒಡೀತದೆ. ನೀನು ಸಾಯ್ತಿ."

ಅಪ್ಪ ಡಬ್ಬಿಯನ್ನು ನೆಟ್ಟಗೆ ಮಾಡಿದ. ನನ್ನ ಮಾತಿನ ಅರ್ಥಕ್ಕಿಂತ ಮೊದಲು ಅದರ ಭಾಷೆ ಅವನನ್ನು ತಡೆದಿರಬೇಕು ಎಂದು ಈಗ ಅನ್ನಿಸುತ್ತದೆ. ನಾನು ಅವನಿಗೆ ಅಷ್ಟುದ್ದ ಕನ್ನಡದಲ್ಲಿ ಹೇಳಿದ್ದು ಅದೇ ಮೊದಲು.

"ಯಾರು ಹೇಳಿದ್ದು ನಿಂಗೆ?"

ಜಿಪ್ಪು ಇಳಿಸಿ ಪುಸ್ತಕದ ಅಂಚು ತೋರಿಸಿದೆ. ಮುಖಪುಟದ ಮೇಲೆ ಕುಂಕುಮ ಹರಡಿತ್ತು. ಅದು ಎಲ್ಲಿಂದ ಬಂತೆಂದು ಅವನು ಕೇಳಬೇಕಾಗಿರಲಿಲ್ಲ. ಆಚೆಯಿಂದ ವಾಲ್ಟ್ "ಎವ್ರಿಥಿಂಗ್ ಓಕೆ?" ಎಂದ. ಅಪ್ಪ ಕೈಯೆತ್ತಿ "ಓಕೆ, ಓಕೆ" ಎಂದ. ಆಮೇಲೆ ವಾಲ್ಟನಿಗೆ ಬೆನ್ನು ಮಾಡಿ, ಪುಸ್ತಕವನ್ನು ತನ್ನ ಕೈಯಲ್ಲಿ ತೆರೆದು, ಒಂದು ಪುಟವನ್ನು ಬಹಳ ಹೊತ್ತು ನೋಡಿದ. ಅವನ ಕಣ್ಣು ಸಾಲುಗಳ ಮೇಲೆ ಓಡುತ್ತಿರಲಿಲ್ಲ, ಒಂದೇ ಜಾಗದಲ್ಲಿ ನಿಂತಿತ್ತು.

"ಅಕ್ಷರ ಸಣ್ಣ ಉಂಟು" ಎಂದ. ಅವನು ಪುಸ್ತಕವನ್ನು ನನಗೆ ಕೊಟ್ಟು ಮೆಲ್ಲಗೆ ಹೇಳಿದ:

"ನೀನೇ ಓದು ಮಗಾ. ಕನ್ನಡದಲ್ಲಿ ಹೇಳು. ಮೆಲ್ಲ."

ಆಗ ನನಗೆ ಗೊತ್ತಾಯಿತು. ಉಳಿದ ಸ್ಕ್ರೂಗಳು, ಕೈಗೆ ಗೊತ್ತುಂಟು ಎಂಬ ಜಂಬ, ಬ್ಯಾಂಕಿನ ಒಂದು ಹೆಜ್ಜೆ, ಜಿಂಕೆಯ ಮೇಲಿನ ಕರುಣೆ, ಎಲ್ಲ ಒಟ್ಟಿಗೆ ಗೊತ್ತಾಯಿತು. ಅಪ್ಪ ಏಳನೆಯ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವನು. ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ, ರಾಗವಾಗಿ ಓದುತ್ತಿದ್ದ. ಇಂಗ್ಲಿಷಿನಲ್ಲಿ ಬೋರ್ಡು, ಡಬ್ಬಿಯ ಹೆಸರು, ರಸ್ತೆಯ ಫಲಕ ಇಷ್ಟೇ. ಇಡೀ ಪುಟ ಅವನಿಗೆ ಗೋಡೆಯಾಗಿತ್ತು. ನನಗೆ ಅಳು ಬಂತು. ಅತ್ತರೆ ಅವನಿಗೆ ತಿಳಿಯುತ್ತದೆಂದು ಓದತೊಡಗಿದೆ.

ನನಗೆ ಕನ್ನಡದಲ್ಲಿ ಎಷ್ಟು ಪದ ಗೊತ್ತಿತ್ತು? ಹಾಕು, ತೆಗಿ, ಒತ್ತು, ಸುರಿ, ನೋಡು, ಬೇಡ. ಅಡುಗೆಮನೆಯ ಪದಗಳು. ಅವೇ ಸಾಕಾದವು. ಮೊದಲು ಗಜ ಹಾಕಿ ಒಳಗೆ ಏನೂ ಇಲ್ಲ ಅಂತ ನೋಡು. ಮದ್ದಿನ ಡಬ್ಬಿ ಮುಚ್ಚಿ ದೂರ ಇಡು. ಅಳತೆಯಿಂದ ಮಾತ್ರ ಸುರಿ. ಗುಂಡು ಮದ್ದಿನ ಮೇಲೆ ಕೂರಬೇಕು, ನಡುವೆ ಜಾಗ ಬೇಡ. ಕೇಪು ಎಲ್ಲಕ್ಕಿಂತ ಕೊನೆಗೆ. ನಾನು ಒಂದೊಂದು ಹೇಳಿದಂತೆ ಅಪ್ಪ ಒಂದೊಂದು ಮಾಡಿದ. ಅವನ ಕೈಗಳು ನಿಜಕ್ಕೂ ಕಲಿತ ಕೈಗಳು. ಗುಂಡನ್ನು ಗಿಡಿಯುವಾಗ ಎಷ್ಟು ಒತ್ತಬೇಕೆಂದು ಪುಸ್ತಕಕ್ಕೆ ಹೇಳಲು ಬಂದಿರಲಿಲ್ಲ, ಅವನಿಗೆ ಬರುತ್ತಿತ್ತು. ನಾನು ಕಿವಿ ಮುಚ್ಚಿಕೊಂಡು ಹಿಂದೆ ಸರಿದೆ. ಅಪ್ಪ ಗುರಿ ಹಿಡಿದು ಕೋವಿಯ ಕುದುರೆ ಎಳೆದ.

ಕೇಪು ಟಿಕ್ ಎಂದಿತು. ಅಷ್ಟೇ.

ಊರಿನಲ್ಲಿ ಹೀಗಾದಾಗ ಏನು ಮಾಡುತ್ತಿದ್ದರೋ ಅದನ್ನೇ ಅವನ ಮೈ ಮಾಡಹೊರಟಿತು. ಕೋವಿಯನ್ನು ಭುಜದಿಂದ ಇಳಿಸಿ, ಬಾಯಿಂದ ಊದಿ ನೋಡಲು ನಳಿಕೆಯನ್ನು ತನ್ನ ಕಡೆ ತಿರುಗಿಸತೊಡಗಿದ. ಬೆಳಿಗ್ಗೆ ಓದಿದ ಪುಟ ನನ್ನ ಕಣ್ಣ ಮುಂದೆ ಬಂತು. ಕಿಡಿ ಒಳಗೆ ನಿಧಾನವಾಗಿ ಉರಿಯುತ್ತಿರಬಹುದು, ಕೋವಿಯನ್ನು ಗುರಿಯ ಕಡೆಗೇ ಹಿಡಿದಿರಿ, ಪೂರ್ತಿ ಒಂದು ನಿಮಿಷ ಕಾಯಿರಿ.

"ಅಪ್ಪಾ, ತಿರುಗಿಸ್ಬೇಡ! ಆಚೆ ಹಿಡಿ! ಸಿಕ್ಸ್ಟಿವರೆಗೆ ಎಣಿಸ್ಬೇಕು!"

ಅಪ್ಪ ಕೋವಿಯನ್ನು ದಿಬ್ಬದ ಕಡೆಗೆ ಮತ್ತೆ ಹೊರಳಿಸಿ ನಿಶ್ಚಲನಾದ. ನಾನು ಗಟ್ಟಿಯಾಗಿ ಎಣಿಸತೊಡಗಿದೆ. ಒಂದು, ಎರಡು, ಮೂರು. ಗೊಂಬೆ ಕೂರಿಸುವಾಗ ಅಮ್ಮ ಎಣಿಸುವುದನ್ನು ಕೇಳಿ ಕಲಿತ ಎಣಿಕೆ ಇಪ್ಪತ್ತೊಂಬತ್ತರವರೆಗೆ ಸರಾಗವಾಗಿ ಹೋಯಿತು. ಅಲ್ಲಿ ನಿಂತುಹೋಯಿತು. ಮುಂದಿನದು ನನಗೆ ಗೊತ್ತಿರಲಿಲ್ಲ. ಕೋವಿಯ ಮೇಲಿಂದ ಕಣ್ಣು ತೆಗೆಯದೆ ಅಪ್ಪ ಹೇಳಿದ:

"ಮೂವತ್ತು."

ಅಲ್ಲಿಂದ ಇಬ್ಬರೂ ಎಣಿಸಿದೆವು, ಅವನು ಮುಂದೆ, ನಾನು ಹಿಂದೆ. ಅರವತ್ತಾದ ಮೇಲೆ ಅವನು ಹಳೆಯ ಕೇಪನ್ನು ತೆಗೆದು ಹೊಸದನ್ನಿಟ್ಟು ಮತ್ತೆ ಕುದುರೆ ಎಳೆದ. ಈ ಸಲ ಹೊಲಗಳೆಲ್ಲ ನಡುಗಿದವು. ಬಿಳಿಯ ಹೊಗೆ ಎದ್ದು ಅಪ್ಪ ಕಾಣದಂತಾದ. ಹೊಗೆಯೊಳಗಿಂದ ಅವನ ನಗು ಮೊದಲು ಬಂತು, ಆಮೇಲೆ ಅವನು ಬಂದ. ವಾಲ್ಟ್ ಓಡಿಬಂದು ಕೈ ಕುಲುಕಿದ. ಅಪ್ಪ ಇನ್ನೊಂದು ಕೈಯನ್ನು ನನ್ನ ತಲೆಯ ಮೇಲಿಟ್ಟು ಹೇಳಿದ:

"ನೋ, ನೋ. ಶೀ ಈಸ್ ದ ಟೀಚರ್."

ನಾನು ಅಷ್ಟು ಕಷ್ಟಪಟ್ಟು ಮುಚ್ಚಿದ್ದನ್ನು ಅವನೇ ತೆರೆದುಬಿಟ್ಟ. ಒಳಗೆ ಕಿಡಿಯಿತ್ತೋ, ಬರೀ ತಂಡಿ ಹಿಡಿದ ಕೇಪೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಪುಸ್ತಕ ನಮ್ಮಪ್ಪನ ಜೀವ ಉಳಿಸಿತು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ನಾನು ಅಷ್ಟು ಹೇಳಲಾರೆ. ಅವನು ಮಗಳ ಹರಕು ಕನ್ನಡವನ್ನು ನಂಬಿ ಅರವತ್ತು ಎಣಿಸುವವರೆಗೆ ಅಲುಗದೆ ನಿಂತ ಎಂಬುದಷ್ಟೇ ನಾನು ಕಂಡದ್ದು. ಇಂಗ್ಲಿಷಿನ ದೇಶದಲ್ಲಿ ಕೂತು ಕನ್ನಡದಲ್ಲಿ ಯಾಕೆ ಬರೆಯುತ್ತೀಯೆಂದು ನನ್ನ ಮಕ್ಕಳು ಕೇಳುತ್ತಾರೆ. ಆ ಒಂದು ನಿಮಿಷವನ್ನು ಅವರಿಗೆ ಹೇಗೆ ಹೇಳಲಿ?

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು. ಮೊದಲು ಅಪ್ಪನ ಎರಡೂ ಕೈ ಹಿಡಿದು ಹತ್ತೂ ಬೆರಳು ನೋಡಿದಳು. ಅಪ್ಪ ಕೋವಿಯನ್ನು ತೊಳೆಯಲು ಕೆಳಗೆ ಹೋದ ಮೇಲೆ ನನ್ನನ್ನು ಅಡುಗೆಮನೆಗೆ ಕರೆದಳು. ಚಿತ್ರಕಲೆಯ ಪುಸ್ತಕ ಅವಳ ಕೈಯಲ್ಲಿತ್ತು. ಏಟು ಬೀಳುತ್ತದೆಂದುಕೊಂಡೆ. ಎಲ್ಲವನ್ನೂ ಹೇಳಿದೆ, ಕನ್ನಡದಲ್ಲೇ. ಕೊನೆಗೆ ಕೇಳಿದೆ:

"ಅಪ್ಪನಿಗೆ ಓದೋಕೆ ಬರಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೆ. ಅವರ ಡ್ರೈವಿಂಗ್ ಟೆಸ್ಟಿನ ಪುಸ್ತಕ ಪೂರ್ತಿ ನಾನೇ ಓದಿ ಹೇಳಿದ್ದು, ಅವರು ಬಾಯಿಪಾಠ ಮಾಡಿದ್ದು. ಕುಕ್ಕರಿಂದ ಹಿಡಿದು ಎಲ್ಲಾನೂ ಓದಿ ಹೇಳಿದೀನಿ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಈ ಸಲ ಮಾತ್ರ, ನೀವೇ ಓದಿ ಅಂದೆ. ಆಗಲ್ಲ ಅಂತ ಗೊತ್ತಿದ್ದೇ ಅಂದೆ. ಕೋವಿ ಬೇಡ ಅಂತ ನೇರವಾಗಿ ಹೇಳೋ ಬದಲು ಅವರಿಗೆ ಎಲ್ಲಿ ನೋಯುತ್ತೋ ಅಲ್ಲಿ ಕೈಯಿಟ್ಟೆ. ತಪ್ಪು ನಂದು."

ಅಮ್ಮ ತಪ್ಪೊಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವಳೇ ಕೋವಿಯ ಪುಸ್ತಕದ ಮೇಲಿನ ಕುಂಕುಮ ಸರಿಮಾಡಿ ಮತ್ತೆ ಮಣೆಯ ಮೇಲಿಟ್ಟಳು.

ಮರುದಿನ ವಿಜಯದಶಮಿ. ಬೆಳಿಗ್ಗೆ ನನ್ನ ಶಾಲೆಯ ಬಸ್ಸು ಬರುವ ಮುಂಚೆ ಪೂಜೆ ಮುಗಿಯಬೇಕೆಂದು ಅಮ್ಮ ಬೇಗ ಎದ್ದು ಶಾವಿಗೆ ಪಾಯಸ ಮಾಡಿದ್ದಳು. ಪೂಜೆಯಿಂದ ಎತ್ತಿದ ಪುಸ್ತಕದಲ್ಲಿ ಪ್ರತಿಯೊಬ್ಬರೂ ಒಂದೆರಡು ಸಾಲು ಓದಿ ಆಮೇಲೆ ಪಾಯಸ ಮುಟ್ಟಬೇಕು. ಅಮ್ಮ ಓದಿದಳು. ನಾನು ಗಣಿತದ ಪುಸ್ತಕದಿಂದ ಒಂದು ಲೆಕ್ಕ ಓದಿದೆ. ಪ್ರತಿ ವರ್ಷ ಅಪ್ಪ ಪಂಚಾಂಗದಿಂದ ಆ ದಿನದ ತಿಥಿ ನಕ್ಷತ್ರ ಓದುತ್ತಿದ್ದ. ಅಮ್ಮ ಪಂಚಾಂಗ ತೆಗೆದು ಅವನ ಕಡೆ ನೀಡಿದಳು. ಅಪ್ಪ ಅದನ್ನು ತೆಗೆದುಕೊಳ್ಳಲಿಲ್ಲ. ಕೈ ಚಾಚಿ ಕೋವಿಯ ಪುಸ್ತಕವನ್ನು ಎತ್ತಿಕೊಂಡ. ಕನ್ನಡಕ ಹಾಕಿಕೊಂಡು, ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು, ಮೊದಲ ಪುಟ ತೆರೆದು ಅದರ ಮೊದಲ ಸಾಲಿನ ಕೆಳಗೆ ಬೆರಳಿಟ್ಟ. ಮೊದಲು ಅಕ್ಷರಗಳನ್ನು ಒಂದೊಂದಾಗಿ ಒಳಗೇ ಕೂಡಿಸಿದ, ಆಮೇಲೆ ಗಟ್ಟಿಯಾಗಿ ಹೇಳಿದ.

"ರೀಡ್."

ಬೆರಳು ಸರಿಯಿತು.

"ಆಲ್."

ಮೂರನೆಯ ಪದ ಉದ್ದವಿತ್ತು. ಅವನ ಹಣೆಯಲ್ಲಿ ಬೆವರು ಮೂಡಿತು. ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅಮ್ಮ ನನ್ನ ಮೊಣಕಾಲನ್ನು ಒತ್ತಿ ಹಿಡಿದಳು. ಇನ್, ಸ್ಟ್ರ, ಎಂದ. ಹಿಂದಕ್ಕೆ ಹೋದ. ಮತ್ತೆ ಮೊದಲಿನಿಂದ ಬಂದ. ಕಿಟಕಿಯಾಚೆ ಹಳದಿ ಬಸ್ಸು ಬಂದು ನಿಂತು, ಕಾದ ಮೇಲೆ ಹೊರಟುಹೋಯಿತು. ಯಾರೂ ಏಳಲಿಲ್ಲ. ಪಾಯಸ ಕೆನೆ ಕಟ್ಟಿತು. ಅಪ್ಪ ಆ ಸಾಲನ್ನು ಮುಗಿಸಿದ, ಅದರ ಕೆಳಗಿನದನ್ನು ಮುಗಿಸಿದ, ಶಾಸ್ತ್ರಕ್ಕೆ ಅಷ್ಟೇ ಸಾಕಾಗಿತ್ತು. ಅವನು ಕನ್ನಡಕವನ್ನು ಸರಿಮಾಡಿಕೊಂಡು ಮೂರನೆಯ ಸಾಲಿಗೆ ಬೆರಳಿಟ್ಟ.